ಯಾವ ಅಧ್ಯಕ್ಷರ ಕಾಲ ಒಳ್ಳೆಯ ಕಾಲ? ಅಮೆರಿಕದ ಆರ್ಥಿಕ ಲೆಕ್ಕವನ್ನು ನ್ಯಾಯವಾಗಿ ನೋಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಚುನಾವಣೆ ಬಂತೆಂದರೆ ನಮ್ಮ ಮನೆಯ ವಾಟ್ಸಾಪ್ ಗುಂಪೂ ಎರಡಾಗುತ್ತದೆ. ನ್ಯೂಜೆರ್ಸಿಯ ತಂಗಿ ಒಂದು ಪಟ್ಟಿ ಹಾಕುತ್ತಾಳೆ, ಟೆಕ್ಸಾಸ್‌ನಲ್ಲಿರುವ ಭಾವ ಇನ್ನೊಂದು ಹಾಕುತ್ತಾರೆ. ಎರಡರಲ್ಲೂ ಅಂಕಿಗಳು ಸರಿಯಾಗಿಯೇ ಇರುತ್ತವೆ, ತೀರ್ಮಾನ ಮಾತ್ರ ತದ್ವಿರುದ್ಧ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಸರಿಯಾದ ಅಂಕಿಗಳಿಂದ ತಪ್ಪು ತೀರ್ಮಾನ ಹುಟ್ಟುವುದನ್ನು ಕಂಡರೆ ಸುಮ್ಮನಿರಲಾಗುವುದಿಲ್ಲ. ಅವರಿಬ್ಬರೂ, ನನ್ನ ಹಳೆಯ ವಿದ್ಯಾರ್ಥಿಗಳೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ.

ಯಾವ ಅಧ್ಯಕ್ಷರ ಕಾಲದಲ್ಲಿ ಆರ್ಥಿಕತೆ ಚೆನ್ನಾಗಿತ್ತು? ಒಂದೇ ಮಾತಿನಲ್ಲಿ ಹೇಳಬಹುದೇ?

'ಅವರ ಕಾಲದಲ್ಲಿ' ಏನಾಯಿತು ಎಂದರೆ ಹೇಳಬಹುದು. 'ಅವರಿಂದ' ಏನಾಯಿತು ಎಂದರೆ ಒಂದೇ ಮಾತಿನಲ್ಲಿ ಹೇಳಲಾಗದು. ಕೆಆರ್‌ಎಸ್ ತುಂಬಿದ ವರ್ಷ ಬಾಗಿನ ಅರ್ಪಿಸುವವರು ಮುಖ್ಯಮಂತ್ರಿ. ಕೊಡಗಿನಲ್ಲಿ ಮಳೆ ಸುರಿಸಿದ್ದು ಅವರೇ ಎಂದು ಮಂಡ್ಯದ ರೈತ ಯಾರೂ ನಂಬುವುದಿಲ್ಲ. ಹಾಗೆಂದು ನಾಲೆಗೆ ಯಾವಾಗ ನೀರು ಬಿಟ್ಟರು, ಎಷ್ಟು ಬಿಟ್ಟರು ಎಂಬ ಹೊಣೆಯಿಂದ ಅವರನ್ನು ಬಿಡುವುದೂ ಇಲ್ಲ. ಅಮೆರಿಕದ ಅಧ್ಯಕ್ಷರ ಲೆಕ್ಕದಲ್ಲೂ ಮಳೆ ಯಾವುದು, ಗೇಟು ಯಾವುದು ಎಂದು ಮೊದಲು ಬೇರೆ ಮಾಡಿಕೊಳ್ಳಬೇಕು.

ಡೆಮಾಕ್ರಾಟರು ಆಳಿದಾಗ ಬೆಳವಣಿಗೆ ಹೆಚ್ಚು ಎನ್ನುತ್ತಾರೆ. ನಿಜವೇ?

ಅಂಕಿಯ ಮಟ್ಟಿಗೆ ನಿಜ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಲನ್ ಬ್ಲೈಂಡರ್ ಮತ್ತು ಮಾರ್ಕ್ ವಾಟ್ಸನ್ ಟ್ರೂಮನ್‌ರಿಂದ ಒಬಾಮಾರ ಮೊದಲ ಅವಧಿಯವರೆಗಿನ 16 ಅವಧಿಗಳನ್ನು ತೆಗೆದುಕೊಂಡು ಲೆಕ್ಕ ಹಾಕಿದರು. ಜಿಡಿಪಿಯ ನೈಜ (ಅಂದರೆ ಬೆಲೆಯೇರಿಕೆ ಕಳೆದ) ಬೆಳವಣಿಗೆ ಡೆಮಾಕ್ರಾಟ್ ಅಧ್ಯಕ್ಷರ ಕಾಲದಲ್ಲಿ ವರ್ಷಕ್ಕೆ ಸರಾಸರಿ ಶೇ. 4.33, ರಿಪಬ್ಲಿಕನ್ನರ ಕಾಲದಲ್ಲಿ ಶೇ. 2.54. ಅಂತರ ಸಣ್ಣದಲ್ಲ.

ತಂಗಿ ಇಲ್ಲಿಗೆ ಓದು ನಿಲ್ಲಿಸುತ್ತಾಳೆ. ಆದರೆ ಆ ಸಂಶೋಧನೆಯ ಜೀವ ಇರುವುದು ಮುಂದಿನ ಭಾಗದಲ್ಲಿ. ಅಂತರಕ್ಕೆ ಕಾರಣ ಸರ್ಕಾರದ ಖರ್ಚೂ ಅಲ್ಲ, ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಬಡ್ಡಿ ನೀತಿಯೂ ಅಲ್ಲ ಎಂದು ಅವರು ಕಂಡುಕೊಂಡರು. ಹೆಚ್ಚಿನ ಪಾಲು ಬಂದದ್ದು ತೈಲ ಬೆಲೆಯ ಆಘಾತಗಳು ಕಡಿಮೆಯಿದ್ದದ್ದರಿಂದ, ಅಷ್ಟೇ ದುಡಿಮೆ ಮತ್ತು ಬಂಡವಾಳದಿಂದ ಹೆಚ್ಚು ಉತ್ಪಾದನೆಯಾದದ್ದರಿಂದ, ಹೊರದೇಶಗಳ ಪರಿಸ್ಥಿತಿ ಅನುಕೂಲವಾಗಿದ್ದದ್ದರಿಂದ. ಗ್ರಾಹಕರ ಭರವಸೆಯೂ ಸ್ವಲ್ಪ ನೆರವಾಗಿರಬಹುದು ಎಂದರು. ಬ್ಲೈಂಡರ್ ಸ್ವತಃ ಕ್ಲಿಂಟನ್‌ರ ಆರ್ಥಿಕ ಸಲಹೆಗಾರರ ಮಂಡಳಿಯಲ್ಲಿದ್ದವರು. ತಮ್ಮ ಪಕ್ಷಕ್ಕೆ ಅನುಕೂಲವಾದ ಅಂಕಿ ಕೈಯಲ್ಲಿದ್ದೂ, ಇದರಲ್ಲಿ ದೊಡ್ಡ ಪಾಲು ಅದೃಷ್ಟದ್ದು ಎಂದು ಬರೆದರು. ನನಗೆ ಅವರ ಮೇಲೆ ಗೌರವ ಬಂದದ್ದು ಆ ಕಾರಣಕ್ಕೆ.

ಇನ್ನೊಂದು ಮಾತು. 16 ಅವಧಿ ಎಂದರೆ 16 ಉದಾಹರಣೆಗಳಷ್ಟೇ. ಅದರಲ್ಲಿ ಒಂದು ಕೊರಿಯಾ ಯುದ್ಧದ ಕಾಲದ್ದು, ಒಂದು 1973ರ ತೈಲ ನಿರ್ಬಂಧದ ಕಾಲದ್ದು. ಒಂದೆರಡು ಅವಧಿ ಆಚೀಚೆಯಾದರೂ ಸರಾಸರಿ ಅಲುಗಾಡುತ್ತದೆ.

ಲೆಕ್ಕ ಯಾವ ದಿನದಿಂದ ಶುರು ಮಾಡಬೇಕು?

ಅರ್ಧ ಜಗಳ ಇಲ್ಲೇ ಇದೆ. ಅಧ್ಯಕ್ಷರು ಪ್ರಮಾಣವಚನ ತೆಗೆದುಕೊಳ್ಳುವುದು ಜನವರಿ 20ರಂದು. ಆದರೆ ಆರ್ಥಿಕತೆಗೆ ಆ ದಿನ ಗೊತ್ತಿಲ್ಲ. ಒಬಾಮಾ 2009ರಲ್ಲಿ ಬಂದಾಗ ಆರ್ಥಿಕ ಹಿಂಜರಿತ (ಉತ್ಪಾದನೆ, ಉದ್ಯೋಗ ಕುಗ್ಗುವ ಕಾಲ) ಶುರುವಾಗಿ ಒಂದು ವರ್ಷ ದಾಟಿತ್ತು. ನಿರುದ್ಯೋಗ ದರ ಶೇ. 7.8 ಇತ್ತು, ಆ ಒಂದೇ ತಿಂಗಳಲ್ಲಿ ಏಳೆಂಟು ಲಕ್ಷ ಉದ್ಯೋಗಗಳು ಹೋದವು. ಅಕ್ಟೋಬರ್ ಹೊತ್ತಿಗೆ ದರ ಶೇ. 10 ಮುಟ್ಟಿತು. ಇದನ್ನು 'ಒಬಾಮಾ ಕಾಲದ ನಿರುದ್ಯೋಗ' ಎನ್ನುವುದು, ಹೊಸ ಡ್ರೈವರ್ ಸೀಟಿಗೆ ಕೂರುವ ಮೊದಲೇ ಘಾಟಿಯಲ್ಲಿ ಬ್ರೇಕ್ ಹೋಗಿದ್ದ ಬಸ್ಸಿನ ವೇಗಕ್ಕೆ ಅವನನ್ನೇ ಬೈದಂತೆ.

ಅದಕ್ಕೂ ಹಳೆಯ ಉದಾಹರಣೆ ಹೂವರ್ ಅವರದು. ಅವರು ಅಧಿಕಾರಕ್ಕೆ ಬಂದದ್ದು 1929ರ ಮಾರ್ಚ್‌ನಲ್ಲಿ, ಷೇರುಪೇಟೆ ಕುಸಿದದ್ದು ಅಕ್ಟೋಬರ್‌ನಲ್ಲಿ. ಗುಳ್ಳೆ ಊದಿದ್ದು ಅವರ ಹಿಂದಿನ ಕೂಲಿಡ್ಜ್ ಕಾಲದಲ್ಲಿ. ಆದರೆ ಒಡೆದ ನಂತರ ಏನು ಮಾಡಿದರು ಎಂಬುದಕ್ಕೆ ಹೂವರ್ ಹೊಣೆಯೇ. ಆಮದು ಸುಂಕ ಏರಿಸುವ ಕಾಯ್ದೆಗೆ 1930ರಲ್ಲಿ ಸಹಿ ಹಾಕಿದ್ದು ಅವರ ಕೈ.

ಬ್ಲೈಂಡರ್ ಮತ್ತು ವಾಟ್ಸನ್ ಹೊಸ ಅಧ್ಯಕ್ಷರ ಮೊದಲ ಮೂರು ತಿಂಗಳನ್ನು ಹಳಬರ ಖಾತೆಗೆ ಬರೆದರು. ಕೆಲವರು ಒಂದು ವರ್ಷ ಬಿಡುತ್ತಾರೆ. ಎಷ್ಟು ಬಿಡಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯ ಇರಲಿ. ಎಲ್ಲರಿಗೂ ಅಷ್ಟೇ ಬಿಡಬೇಕು ಎಂಬುದರಲ್ಲಿ ಇರಬಾರದು. ಕೊಡುವಾಗ ಒಂದು ಸೇರು, ತೆಗೆದುಕೊಳ್ಳುವಾಗ ಇನ್ನೊಂದು ಸೇರು ಇಟ್ಟುಕೊಂಡ ಅಂಗಡಿಯವನನ್ನು ನಾವು ಕ್ಷಮಿಸುವುದಿಲ್ಲ. ರೇಗನ್ ಅಭಿಮಾನಿಗಳು ಅವರ ಲೆಕ್ಕವನ್ನು 1982ರ ಕೊನೆಯಿಂದ, ಅಂದರೆ ಹಿಂಜರಿತ ಮುಗಿದ ಮೇಲಿನಿಂದ ಶುರು ಮಾಡುತ್ತಾರೆ. ಮಾಡಲಿ. ಹಾಗಾದರೆ ಒಬಾಮಾ ಲೆಕ್ಕವೂ ಹಿಂಜರಿತ ಮುಗಿದ 2009ರ ಜೂನ್‌ನಿಂದಲೇ ಶುರುವಾಗಬೇಕು.

ಹಾಗಾದರೆ ಅಧ್ಯಕ್ಷರ ಕೈಯಲ್ಲಿ ನಿಜವಾಗಿ ಇರುವುದೇನು?

ಜನ ಅಂದುಕೊಳ್ಳುವುದಕ್ಕಿಂತ ಕಡಿಮೆ. ತೆರಿಗೆ, ಖರ್ಚು ಎರಡನ್ನೂ ಮಂಜೂರು ಮಾಡುವುದು ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು. ಬಡ್ಡಿದರ ನಿರ್ಧರಿಸುವುದು ಫೆಡರಲ್ ರಿಸರ್ವ್, ಚಿಕ್ಕದಾಗಿ ಫೆಡ್. ಅದರ ಗವರ್ನರುಗಳ ಪೂರ್ಣ ಅವಧಿ 14 ವರ್ಷ, ನೇಮಿಸಿದ ಅಧ್ಯಕ್ಷರು ಮನೆಗೆ ಹೋದ ಮೇಲೂ ಅವರು ಕುರ್ಚಿಯಲ್ಲಿರುತ್ತಾರೆ.

ಇದಕ್ಕೆ ಪಾಲ್ ವೋಲ್ಕರ್ ಕಥೆಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಹಣದುಬ್ಬರ ಕೈಮೀರುತ್ತಿದ್ದಾಗ, 1979ರ ಆಗಸ್ಟ್‌ನಲ್ಲಿ, ಅವರನ್ನು ಫೆಡ್ ಮುಖ್ಯಸ್ಥರನ್ನಾಗಿ ಮಾಡಿದ್ದು ಡೆಮಾಕ್ರಾಟ್ ಕಾರ್ಟರ್. ಬೆಲೆಯೇರಿಕೆಯ ಬೆನ್ನು ಮುರಿಯಲು ವೋಲ್ಕರ್ ಬಡ್ಡಿದರವನ್ನು ಏರಲು ಬಿಟ್ಟರು. 1981ರಲ್ಲಿ ಅದು ಶೇ. 19ರ ಆಸುಪಾಸಿಗೆ ಹೋಯಿತು. ಮನೆ ಕಟ್ಟುವವರು, ಕಾರು ಕೊಳ್ಳುವವರು ಕೈಕಟ್ಟಿ ಕೂತರು. 1980ರಲ್ಲೇ ಒಂದು ಸಣ್ಣ ಹಿಂಜರಿತ ಬಂದಿತ್ತು, ಕಾರ್ಟರ್ ಆ ವರ್ಷ ಸೋತರು. ರೇಗನ್ ಬಂದ ಮೇಲೆ ಎರಡನೆಯದು, ಇನ್ನೂ ಕ್ರೂರವಾದದ್ದು ಬಂತು. 1982ರ ಕೊನೆಗೆ ನಿರುದ್ಯೋಗ ಶೇ. 10.8. ಆದರೆ 1980ರಲ್ಲಿ ಶೇ. 13.5 ಇದ್ದ ಹಣದುಬ್ಬರ 1983ಕ್ಕೆ ಶೇ. 3ರ ಸುತ್ತ ಬಂದು ನಿಂತಿತು, ಮರುವರ್ಷ ಆರ್ಥಿಕತೆ ಶೇ. 7ಕ್ಕೂ ಹೆಚ್ಚು ಬೆಳೆಯಿತು.

ಈಗ ಹೇಳಿ, ಇದರ ಶ್ರೇಯ ಯಾರದು? ಔಷಧಿ ಕೊಟ್ಟದ್ದು ವೋಲ್ಕರ್. ಅವರನ್ನು ಕರೆತಂದದ್ದು ಕಾರ್ಟರ್. ಕಹಿ ಇಳಿಯುವವರೆಗೆ ಅವರನ್ನು ತೆಗೆಯದೆ, 1983ರಲ್ಲಿ ಮತ್ತೆ ನೇಮಿಸಿದ್ದು ರೇಗನ್. ಬಿತ್ತಿದವರೊಬ್ಬರು, ಕೊಯ್ದವರೊಬ್ಬರು ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. ಆದರೆ ನಡುವೆ ಬೆಳೆ ಕಾದವರನ್ನೂ ಮರೆಯಬಾರದು.

ಇದಕ್ಕೆ ವಿರುದ್ಧವಾದ ಉದಾಹರಣೆ ನಿಕ್ಸನ್. 1971ರ ಆಗಸ್ಟ್ 15ರಂದು ಕೂಲಿ ಮತ್ತು ಬೆಲೆಗಳನ್ನು ತಡೆಹಿಡಿಯುವ ಆದೇಶ ಹೊರಡಿಸಿದರು. ಡಾಲರ್ ಕೊಟ್ಟರೆ ಚಿನ್ನ ಕೊಡುವ ವ್ಯವಸ್ಥೆಯನ್ನೂ ಅಂದೇ ನಿಲ್ಲಿಸಿದರು. ಮರುವರ್ಷ ಭಾರಿ ಬಹುಮತದಿಂದ ಗೆದ್ದರು. ಅದುಮಿಟ್ಟ ಬೆಲೆಗಳು ನಿಯಂತ್ರಣ ಸಡಿಲವಾದಂತೆ ಪುಟಿದೆದ್ದವು, ತೈಲ ಸಂಕಟವೂ ಜೊತೆಗೂಡಿತು. ಉರಿ ತಗುಲಿದ್ದು ಅವರ ನಂತರ ಅಧ್ಯಕ್ಷರಾದ ಫೋರ್ಡ್‌ಗೆ.

ಟ್ರಂಪ್ ಮೊದಲ ಅವಧಿಯಲ್ಲಿ ಉದ್ಯೋಗ ಕಡಿಮೆಯಾಯಿತು, ಬೈಡನ್ 1.6 ಕೋಟಿ ಉದ್ಯೋಗ ಸೃಷ್ಟಿಸಿದರು. ಇದಕ್ಕಿಂತ ಸ್ಪಷ್ಟ ಹೋಲಿಕೆ ಬೇಕೇ?

ಇದಕ್ಕಿಂತ ಅಸ್ಪಷ್ಟ ಹೋಲಿಕೆ ಸಿಗುವುದು ಕಷ್ಟ. ಅಧಿಕಾರ ಬಿಡುವಾಗ, ಬಂದಾಗ ಇದ್ದದ್ದಕ್ಕಿಂತ ಕಡಿಮೆ ಉದ್ಯೋಗಗಳಿದ್ದ ಅಧ್ಯಕ್ಷರು ಹೂವರ್ ನಂತರ ಟ್ರಂಪ್ ಒಬ್ಬರೇ ಎಂಬುದು ನಿಜ. ಬೈಡನ್ ಅವಧಿ ಮುಗಿದಾಗ ಲೆಕ್ಕಕ್ಕೆ ಸಿಕ್ಕ ಹೆಚ್ಚಳ ಸುಮಾರು 1.6 ಕೋಟಿ ಎಂಬುದೂ ನಿಜ. ನಡುವೆ ಏನಾಯಿತು ನೋಡಿ, ಕೊರೊನಾ ಸಾಂಕ್ರಾಮಿಕ ಬಂತು. 2020ರ ಮಾರ್ಚ್ ಮತ್ತು ಏಪ್ರಿಲ್ ಎರಡೇ ತಿಂಗಳಲ್ಲಿ ಸುಮಾರು 2.2 ಕೋಟಿ ಉದ್ಯೋಗಗಳು ಹೋದವು. ಟ್ರಂಪ್ ಇಳಿಯುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮರಳಿದ್ದವು, 90 ಲಕ್ಷಕ್ಕೂ ಮೀರಿ ಬಾಕಿ ಇದ್ದವು. ಹಳೆಯ ಮಟ್ಟ ಮುಟ್ಟಿದ್ದು 2022ರ ನಡುವಿನಲ್ಲಿ. ಅಂದರೆ ಬೈಡನ್ ಅಂಕಿಯ ಅರ್ಧಕ್ಕಿಂತ ಹೆಚ್ಚಿನ ಭಾಗ ಬಾಗಿಲು ಹಾಕಿದ್ದ ಅಂಗಡಿ ಮತ್ತೆ ತೆರೆದದ್ದು. ಉಳಿದದ್ದು ಹೊಸದಾಗಿ ಹುಟ್ಟಿದ್ದು, ಅದೂ ಕಡಿಮೆಯೇನಲ್ಲ.

ಸಾಂಕ್ರಾಮಿಕಕ್ಕೆ ಮುಂಚಿನ ಟ್ರಂಪ್ ಕಾಲವನ್ನು ಮಾತ್ರ ಒಬಾಮಾ ಅವರ ಕೊನೆಯ ಮೂರು ವರ್ಷಗಳ ಪಕ್ಕ ಇಟ್ಟರೆ? ಟ್ರಂಪ್ ಕಾಲದಲ್ಲಿ ತಿಂಗಳಿಗೆ ಸುಮಾರು 1.8 ಲಕ್ಷ, ಒಬಾಮಾ ಕಾಲದಲ್ಲಿ ಸುಮಾರು 2.2 ಲಕ್ಷ ಹೊಸ ಉದ್ಯೋಗಗಳು. ಇದನ್ನು ಕಂಡು ತಂಗಿ ಗೆದ್ದೆ ಎನ್ನಬಾರದು. ನಿರುದ್ಯೋಗ ಆಗಲೇ ಕೆಳಗಿದ್ದಾಗ ಕೆಲಸ ಹುಡುಕುವವರೇ ಕಡಿಮೆ, ಹಾಗಾಗಿ ಹೆಚ್ಚಳವೂ ನಿಧಾನ. ಶೇ. 4.7 ಇದ್ದ ನಿರುದ್ಯೋಗ 2020ರ ಫೆಬ್ರುವರಿಗೆ ಶೇ. 3.5ಕ್ಕೆ ಇಳಿದಿತ್ತು. ನನ್ನ ಓದಿನಲ್ಲಿ 2010ರಿಂದ 2020ರ ಆರಂಭದವರೆಗೆ ಇರುವುದು ಒಂದೇ ನೇರ ಗೆರೆ. 2017ರ ಜನವರಿಯಲ್ಲಿ ಅದು ತಿರುಗಿದ ಗುರುತು ಹುಡುಕಿದರೂ ಸಿಗುವುದಿಲ್ಲ.

ಸಾಂಕ್ರಾಮಿಕವನ್ನು ಪೂರ್ತಿ ಬಿಟ್ಟುಬಿಡೋಣವೇ ಎಂದು ಭಾವ ಕೇಳುತ್ತಾರೆ. ಅದೂ ಸರಿಯಲ್ಲ. ವೈರಸ್ ಯಾರ ನೀತಿಯೂ ಅಲ್ಲ, ಅದು ಬಂದಾಗ ಏನು ಮಾಡಿದರು ಎಂಬುದು ನೀತಿ. 2020ರ ಮಾರ್ಚ್‌ನಲ್ಲಿ ಟ್ರಂಪ್ ಸಹಿ ಹಾಕಿದ 2.2 ಲಕ್ಷ ಕೋಟಿ ಡಾಲರ್ ನೆರವು, 2021ರ ಮಾರ್ಚ್‌ನಲ್ಲಿ ಬೈಡನ್ ತಂದ 1.9 ಲಕ್ಷ ಕೋಟಿ ಡಾಲರ್ ನೆರವು, ಎರಡನ್ನೂ ಅವುಗಳ ಫಲಿತಾಂಶದೊಂದಿಗೆ ತೂಗಲೇಬೇಕು.

'ಒಂದೇ ತ್ರೈಮಾಸಿಕದಲ್ಲಿ ಶೇ. 33 ಬೆಳವಣಿಗೆ, ಇತಿಹಾಸದಲ್ಲೇ ದಾಖಲೆ' ಎಂದು 2020ರಲ್ಲಿ ಓದಿದ್ದೆ. ಸುಳ್ಳೇ?

ಸುಳ್ಳಲ್ಲ, ಲೆಕ್ಕದ ಪದ್ಧತಿ ಹಾಗಿದೆ. ಮೂರು ತಿಂಗಳಲ್ಲಿ ಆದ ಬದಲಾವಣೆ ಅದೇ ವೇಗದಲ್ಲಿ ವರ್ಷವಿಡೀ ನಡೆದರೆ ಎಷ್ಟಾಗುತ್ತದೆ ಎಂಬ ರೂಪದಲ್ಲಿ ಅಮೆರಿಕದ ಜಿಡಿಪಿ ಅಂಕಿ ಪ್ರಕಟವಾಗುತ್ತದೆ. ಎರಡನೇ ತ್ರೈಮಾಸಿಕದಲ್ಲಿ ಶೇ. 31ರಷ್ಟು ಕುಸಿತ ಎಂದಾಗಲೂ ನಿಜಕ್ಕೆ ಕುಸಿದದ್ದು ಸುಮಾರು ಶೇ. 9. ಮೂರನೆಯದರಲ್ಲಿ ಏರಿದ್ದು ಶೇ. 7ರಿಂದ 8ರ ನಡುವೆ. ನೂರು ರೂಪಾಯಿ 91 ಆಗಿ, ಅದಕ್ಕೆ ಶೇ. 8 ಸೇರಿದರೆ 98 ಚಿಲ್ಲರೆ ಆಗುತ್ತದೆಯೇ ಹೊರತು ಮತ್ತೆ ನೂರಾಗುವುದಿಲ್ಲ. ಕುಸಿತದ ಮುಖ್ಯಶೀರ್ಷಿಕೆಯೂ ಏರಿಕೆಯ ಮುಖ್ಯಶೀರ್ಷಿಕೆಯೂ ಓದುಗನನ್ನು ಸಮಾನವಾಗಿ ದಾರಿ ತಪ್ಪಿಸಿದವು.

ಬೈಡನ್ ಕಾಲದ ಬೆಲೆಯೇರಿಕೆಗೆ ಹೊಣೆ ಯಾರು?

2021ರ ಜನವರಿಯಲ್ಲಿ ಶೇ. 1.4 ಇದ್ದ ಹಣದುಬ್ಬರ 2022ರ ಜೂನ್‌ನಲ್ಲಿ ಶೇ. 9.1ಕ್ಕೆ ಏರಿತು. ಇಂಥಲ್ಲಿ ನಾನು ಮೊದಲು ಮಾಡುವ ಕೆಲಸ, ಅಮೆರಿಕ ಬಿಟ್ಟು ಬೇರೆ ದೇಶಗಳನ್ನು ನೋಡುವುದು. ಬೈಡನ್ ಆಳ್ವಿಕೆ ಇಲ್ಲದ ಯೂರೋ ವಲಯದಲ್ಲಿ ಅದೇ ವರ್ಷದ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ. 10.6, ಬ್ರಿಟನ್ನಿನಲ್ಲಿ ಶೇ. 11.1. ಹಡಗು ಸಾಗಣೆ, ಚಿಪ್ ಕೊರತೆ, 2022ರ ಫೆಬ್ರುವರಿಯ ನಂತರ ಉಕ್ರೇನ್ ಯುದ್ಧದಿಂದ ಏರಿದ ತೈಲ ಮತ್ತು ಗೋಧಿ ಬೆಲೆ ಎಲ್ಲರನ್ನೂ ಬಡಿದವು.

ಆದರೆ ಅಷ್ಟಕ್ಕೇ ಬಿಟ್ಟರೆ ಬೈಡನ್‌ಗೆ ಪಕ್ಷಪಾತ ಮಾಡಿದಂತೆ. ಯುದ್ಧಕ್ಕೆ ಮುಂಚೆಯೇ, 2021ರಲ್ಲೇ, ಅಮೆರಿಕದ ಬೆಲೆಗಳು ಯೂರೋಪಿಗಿಂತ ವೇಗವಾಗಿ ಏರಿದ್ದವು. ಆ ವರ್ಷದ ಕೊನೆಯ ಹಣದುಬ್ಬರದಲ್ಲಿ ಸುಮಾರು 3 ಶೇಕಡಾ ಅಂಶದಷ್ಟು ಸರ್ಕಾರದ ನೆರವಿನ ಹಣದಿಂದ ಬಂದಿರಬಹುದು ಎಂದು ಸ್ಯಾನ್ ಫ್ರಾನ್ಸಿಸ್ಕೊ ಫೆಡ್‌ನ ಅರ್ಥಶಾಸ್ತ್ರಜ್ಞರೇ ಅಂದಾಜು ಮಾಡಿದರು. ಆ ಹಣದಲ್ಲಿ ಟ್ರಂಪ್ ಕಾಲದ್ದೂ ಇತ್ತು, ಬೈಡನ್ ಕಾಲದ್ದೂ ಇತ್ತು. ಫೆಡ್ ಬಡ್ಡಿ ಏರಿಸಲು 2022ರ ಮಾರ್ಚ್‌ವರೆಗೆ ಕಾದದ್ದೂ ಒಂದು ಕಾರಣ.

'ಹಣದುಬ್ಬರ ಇಳಿಯಿತಲ್ಲ, ಜನ ಯಾಕೆ ಸಿಟ್ಟಾದರು' ಎಂದು ತಂಗಿ ಕೇಳಿದಳು. ಹಣದುಬ್ಬರ ಇಳಿದರೆ ಬೆಲೆ ಇಳಿಯುವುದಿಲ್ಲಮ್ಮ, ಏರುವ ವೇಗ ಮಾತ್ರ ಇಳಿಯುತ್ತದೆ. ನಾಲ್ಕು ವರ್ಷದಲ್ಲಿ ಬೆಲೆಮಟ್ಟ ಒಟ್ಟು ಶೇ. 21ರಷ್ಟು ಮೇಲೆ ಹೋಯಿತು, ಮತ್ತೆ ಕೆಳಗಿಳಿಯಲಿಲ್ಲ. ದಿನಸಿ ಕೊಳ್ಳುವವರಿಗೆ ಕಾಣುವುದು ಆ ಮಟ್ಟ.

ಸಾಲ ಹೆಚ್ಚು ಮಾಡಿದವರು ಯಾರು?

ಎಲ್ಲರೂ. ಒಬಾಮಾ ಕಾಲದಲ್ಲಿ ರಾಷ್ಟ್ರೀಯ ಸಾಲ ಸುಮಾರು 10.6 ಲಕ್ಷ ಕೋಟಿಯಿಂದ 19.9 ಲಕ್ಷ ಕೋಟಿ ಡಾಲರ್‌ಗೆ ಹೋಯಿತು. ಟ್ರಂಪ್ ಮೊದಲ ಅವಧಿಯಲ್ಲಿ 27.8ಕ್ಕೆ, ಬೈಡನ್ ಕಾಲದಲ್ಲಿ 36.2ಕ್ಕೆ. ಡಾಲರ್ ಲೆಕ್ಕದಲ್ಲಿ ರೇಗನ್ ಏನೂ ಅಲ್ಲ ಎನಿಸುತ್ತದೆ. ಎಷ್ಟು ಪಟ್ಟು ಎಂದು ಕೇಳಿದರೆ ಅವರ ಕಾಲದಲ್ಲಿ ಸುಮಾರು ಮೂರು ಪಟ್ಟಾಯಿತು. ಯಾವುದನ್ನು ತೋರಿಸಬೇಕೆಂದು ಪಟ್ಟಿ ಮಾಡುವವರಿಗೆ ಗೊತ್ತಿರುತ್ತದೆ. ಸಾಲವನ್ನು ಆಯಾ ವರ್ಷದ ಜಿಡಿಪಿಯ ಪಾಲಾಗಿ ನೋಡುವುದೇ ಸರಿ.

ಹಣಕಾಸು ವರ್ಷದ ವಿಷಯವೂ ಇದೆ. ಅಮೆರಿಕದಲ್ಲಿ ಅದು ಅಕ್ಟೋಬರ್ 1ಕ್ಕೆ ಶುರು. 2009ರ ಹಣಕಾಸು ವರ್ಷ ಕಿರಿಯ ಬುಷ್ ಇದ್ದಾಗಲೇ ಆರಂಭವಾಗಿತ್ತು. ಆ ವರ್ಷದ ಕೊರತೆ 1.2 ಲಕ್ಷ ಕೋಟಿ ಡಾಲರ್ ಆಗಲಿದೆ ಎಂದು ಕಾಂಗ್ರೆಸ್‌ನ ಬಜೆಟ್ ಕಚೇರಿ ಒಬಾಮಾ ಪ್ರಮಾಣವಚನಕ್ಕೆ ಮುಂಚೆಯೇ ಅಂದಾಜಿಸಿತ್ತು. ಕೊನೆಗೆ ಆದದ್ದು 1.4. ಆ ಪೂರ್ತಿ ಮೊತ್ತವನ್ನು ಒಬಾಮಾ ಹೆಸರಿಗೆ ಬರೆದ ಪಟ್ಟಿಗಳನ್ನು ನಾನು ಎಷ್ಟು ಸಲ ನೋಡಿದ್ದೇನೋ.

ಉಳಿತಾಯದ ಶ್ರೇಯವೂ ಹಾಗೆಯೇ. 1998ರಿಂದ 2001ರವರೆಗೆ ಬಜೆಟ್‌ನಲ್ಲಿ ಮಿಗುತಾಯ ಇತ್ತು. ಕ್ಲಿಂಟನ್‌ರ 1993ರ ತೆರಿಗೆ ಏರಿಕೆಗೆ ಒಬ್ಬ ರಿಪಬ್ಲಿಕನ್ ಕೂಡ ಮತ ಹಾಕಲಿಲ್ಲ, ಸೆನೆಟ್‌ನಲ್ಲಿ ಉಪಾಧ್ಯಕ್ಷ ಅಲ್ ಗೋರ್ ಮತದಿಂದ ಅದು ದಾಟಿತು. 1995ರಿಂದ ಖರ್ಚಿಗೆ ಹಗ್ಗ ಬಿಗಿದದ್ದು ರಿಪಬ್ಲಿಕನ್ ಕಾಂಗ್ರೆಸ್. ಅದಕ್ಕೂ ಮುಂಚೆ, ಹೊಸ ತೆರಿಗೆ ಹಾಕುವುದಿಲ್ಲ ಎಂಬ ತಮ್ಮ ಮಾತು ಮುರಿದು 1990ರಲ್ಲಿ ತೆರಿಗೆ ಏರಿಸಿದ್ದು ಹಿರಿಯ ಬುಷ್. ಷೇರುಪೇಟೆಯ ಉಬ್ಬರದಿಂದ ಬಂದ ತೆರಿಗೆ ಬೇರೆ. ಇವರಲ್ಲಿ ಬೆಲೆ ತೆತ್ತವರು ಹಿರಿಯ ಬುಷ್ ಎಂದು ನನಗೆ ಅನಿಸುತ್ತದೆ.

ನಿರುದ್ಯೋಗ ದರ ಒಂದನ್ನೇ ನೋಡಿದರೆ ಸಾಲದೇ?

ಸಾಲದು. ಕಳೆದ ನಾಲ್ಕು ವಾರಗಳಲ್ಲಿ ಕೆಲಸ ಹುಡುಕಿದವರು ಮಾತ್ರ ಆ ಲೆಕ್ಕದಲ್ಲಿ ನಿರುದ್ಯೋಗಿಗಳು. ಬೇಸತ್ತು ಹುಡುಕುವುದನ್ನೇ ಬಿಟ್ಟವರು ಲೆಕ್ಕದಿಂದ ಹೊರಗೆ ಹೋಗುತ್ತಾರೆ, ದರ ಇಳಿಯುತ್ತದೆ. ಸರಾಸರಿ ಕೂಲಿಯೂ ಹೀಗೆಯೇ ಮೋಸ ಮಾಡುತ್ತದೆ. 2020ರ ಏಪ್ರಿಲ್‌ನಲ್ಲಿ ಗಂಟೆಯ ಸರಾಸರಿ ಕೂಲಿ ಒಂದೇ ತಿಂಗಳಲ್ಲಿ ಶೇ. 4ಕ್ಕಿಂತ ಹೆಚ್ಚು ಜಿಗಿಯಿತು. ಯಾರ ಸಂಬಳವೂ ಏರಿರಲಿಲ್ಲ. ಹೋಟೆಲಿನ ಮಾಣಿಗಳು, ಅಂಗಡಿಯ ಹುಡುಗರು ಕೆಲಸ ಕಳೆದುಕೊಂಡರು, ಹೆಚ್ಚು ಸಂಬಳದವರು ಉಳಿದರು, ಸರಾಸರಿ ಮೇಲೆ ಹೋಯಿತು. ಅಷ್ಟೊಂದು ಸಂಕಟ ಒಂದು ಒಳ್ಳೆಯ ಸುದ್ದಿಯ ವೇಷದಲ್ಲಿ ಬಂದದ್ದನ್ನು ನಾನು ಮರೆತಿಲ್ಲ.

ಷೇರುಪೇಟೆ?

ಅದನ್ನು ಬಿಡಿ. ಷೇರುಗಳ ಬಹುಪಾಲು ಶ್ರೀಮಂತ ಕುಟುಂಬಗಳ ಕೈಯಲ್ಲಿದೆ. 2009ರಲ್ಲಿ ಪೇಟೆ ತಳ ಕಂಡದ್ದು ಮಾರ್ಚ್ 9ರಂದು, ಒಬಾಮಾ ಬಂದು ಏಳು ವಾರಕ್ಕೆ. ಆ ಏಳು ವಾರ ಸೇರಿಸಿದರೆ ಒಂದು ಕಥೆ, ಬಿಟ್ಟರೆ ಇನ್ನೊಂದು.

ಸರ್ಕಾರದ ಅಂಕಿಗಳು ಬದಲಾಗುತ್ತಲೇ ಇರುತ್ತವೆ. ತಿದ್ದಿ ತೋರಿಸುತ್ತಾರೆಯೇ?

ತಿದ್ದುತ್ತಾರೆ, ಆದರೆ ಬಚ್ಚಿಟ್ಟು ಅಲ್ಲ. ಉದ್ಯೋಗದ ಮಾಸಿಕ ಅಂಕಿ ಲಕ್ಷಕ್ಕೂ ಮೀರಿದ ಸಂಸ್ಥೆಗಳ ಉತ್ತರದಿಂದ ಬರುತ್ತದೆ. ತಡವಾಗಿ ಉತ್ತರಿಸಿದವರನ್ನು ಸೇರಿಸಿ ಮುಂದಿನ ಎರಡು ತಿಂಗಳಲ್ಲಿ ತಿದ್ದುತ್ತಾರೆ, ವರ್ಷಕ್ಕೊಮ್ಮೆ ತೆರಿಗೆ ದಾಖಲೆಗೆ ತಾಳೆ ನೋಡುತ್ತಾರೆ. 2025ರ ಆಗಸ್ಟ್ 1ರಂದು ಇಂಥ ಒಂದು ದೊಡ್ಡ ಪರಿಷ್ಕರಣೆ ಬಂದಾಗ, ಟ್ರಂಪ್ ಅಂದೇ ಕಾರ್ಮಿಕ ಅಂಕಿಅಂಶ ಸಂಸ್ಥೆಯ ಮುಖ್ಯಸ್ಥೆಯನ್ನು ಕೆಲಸದಿಂದ ತೆಗೆದರು. ಅದು ನನಗೆ ನೋವಿನ ದಿನ. ತಕ್ಕಡಿ ಹಿಡಿದವರನ್ನು ತೂಕ ಕಡಿಮೆ ಬಂತೆಂದು ಕಳಿಸಿದರೆ, ಮುಂದೆ ಒಳ್ಳೆಯ ಅಂಕಿ ಬಂದಾಗ ಅದನ್ನೂ ಯಾರೂ ನಂಬುವುದಿಲ್ಲ.

ಅಧಿಕೃತ ಲೆಕ್ಕ ತಡವಾದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಹಿರಿಯ ಬುಷ್ ಅವರೇ. ಅವರ ಕಾಲದ ಹಿಂಜರಿತ 1991ರ ಮಾರ್ಚ್‌ನಲ್ಲೇ ಮುಗಿದಿತ್ತು. ಹಿಂಜರಿತದ ದಿನಾಂಕ ಗುರುತಿಸುವ ನ್ಯಾಷನಲ್ ಬ್ಯೂರೋ ಆಫ್ ಎಕನಾಮಿಕ್ ರಿಸರ್ಚ್ ಅದನ್ನು ಘೋಷಿಸಿದ್ದು 1992ರ ಡಿಸೆಂಬರ್ 22ರಂದು. ಆರ್ಥಿಕತೆ ಹದಗೆಟ್ಟಿದೆ ಎಂಬ ಕಾರಣಕ್ಕೆ ಬುಷ್ ಸೋತು ಆಗಲೇ ಏಳು ವಾರ ಕಳೆದಿತ್ತು.

ಎಲ್ಲವೂ ಅದೃಷ್ಟ, ಫೆಡ್, ಕಾಂಗ್ರೆಸ್ ಎಂದರೆ ಅಧ್ಯಕ್ಷರಿಗೆ ಹೊಣೆಯೇ ಇಲ್ಲವೇ?

ಇದೆ. ಅವರ ಸಹಿಯೊಂದರಿಂದಲೇ ಆದದ್ದನ್ನು ಹುಡುಕಿ, ಅಲ್ಲಿ ಕಟ್ಟುನಿಟ್ಟಾಗಿ ಕೇಳಿ. 2018ರಲ್ಲಿ ಉಕ್ಕಿಗೆ ಶೇ. 25, ಅಲ್ಯೂಮಿನಿಯಂಗೆ ಶೇ. 10 ಸುಂಕ ಹಾಕಿದ್ದು ಟ್ರಂಪ್ ಆದೇಶ. 1971ರ ಬೆಲೆ ತಡೆ ನಿಕ್ಸನ್ ಆದೇಶ. ಇಂಥವುಗಳ ಲಾಭ ನಷ್ಟವನ್ನು ನೇರವಾಗಿ ಅವರ ಖಾತೆಗೆ ಬರೆಯಬಹುದು.

ಇಲ್ಲಿ ಕೂತ ನಮಗೆ ಇದರಿಂದ ಏನಾಗಬೇಕು?

2013ರ ಮೇ ತಿಂಗಳಲ್ಲಿ ಫೆಡ್ ಮುಖ್ಯಸ್ಥ ಬರ್ನಾಂಕೆ, ಮಾರುಕಟ್ಟೆಗೆ ಡಾಲರ್ ಹರಿಸುತ್ತಿದ್ದ ಬಾಂಡ್ ಖರೀದಿಯನ್ನು ಕಡಿಮೆ ಮಾಡಬಹುದು ಎಂಬ ಒಂದು ಸೂಚನೆ ಕೊಟ್ಟರು. ಆಗ ಡಾಲರ್‌ಗೆ 55ರ ಸುತ್ತ ಇದ್ದ ರೂಪಾಯಿ ಆಗಸ್ಟ್ ಕೊನೆಗೆ 68 ದಾಟಿತು. ಮಕ್ಕಳನ್ನು ಅಮೆರಿಕಕ್ಕೆ ಓದಲು ಕಳಿಸಿದ್ದ ಬೆಂಗಳೂರು, ಮೈಸೂರಿನ ತಂದೆ ತಾಯಂದಿರು ಆ ಸೆಮಿಸ್ಟರ್ ಶುಲ್ಕ ಕಟ್ಟಿದ್ದು ಆ ದರದಲ್ಲಿ. ಬೈಯಬೇಕೆಂದರೂ ಯಾರನ್ನು ಬೈಯುವುದು ಎಂದು ತಿಳಿದಿರಬೇಕು, ಶ್ವೇತಭವನವನ್ನೋ ಫೆಡ್ ಅನ್ನೋ.

ಒಬ್ಬ ಅಧ್ಯಕ್ಷರ ಕೆಲಸವನ್ನು ತೂಗಲು ಎಷ್ಟು ವರ್ಷ ಕಾಯಬೇಕು?

ಕೆಲವಕ್ಕೆ ಒಂದೆರಡು ವರ್ಷ, ಕೆಲವಕ್ಕೆ ದಶಕ. ಉದಾಹರಣೆಗೆ, ಕಾರ್ಟರ್ ಕಾಲದವರೆಗೆ ಅಮೆರಿಕದಲ್ಲಿ ಯಾವ ವಿಮಾನ ಎಲ್ಲಿಗೆ ಹಾರಬೇಕು, ಟಿಕೆಟ್ ಎಷ್ಟಿರಬೇಕು ಎಂದು ಸರ್ಕಾರದ ಮಂಡಳಿಯೊಂದು ನಿರ್ಧರಿಸುತ್ತಿತ್ತು. ಆ ಹಿಡಿತವನ್ನು ಹಂತಹಂತವಾಗಿ ತೆಗೆಯುವ ಕಾಯ್ದೆಗೆ ಕಾರ್ಟರ್ 1978ರಲ್ಲಿ ಸಹಿ ಹಾಕಿದರು. ಲಾರಿ ಸಾಗಣೆಗೂ 1980ರಲ್ಲಿ ಅದೇ ಮಾಡಿದರು. ವಿಮಾನಯಾನ ಮಂಡಳಿ ಕೊನೆಗೆ ಬಾಗಿಲು ಮುಚ್ಚಿದ್ದು 1984ರ ಕೊನೆಗೆ. ಕಾರ್ಟರ್ ಆಗ ಜಾರ್ಜಿಯಾದ ಪ್ಲೇನ್ಸ್ ಊರಿಗೆ ಮರಳಿ ನಾಲ್ಕು ವರ್ಷವಾಗಿತ್ತು, ಅದಕ್ಕೆ ಎರಡು ತಿಂಗಳ ಹಿಂದಷ್ಟೇ ರೇಗನ್ 49 ರಾಜ್ಯಗಳನ್ನು ಗೆದ್ದಿದ್ದರು.